ಪ್ಲಗ್ಗಿನ ಮೇಲಿನ ಗಂಧ

"ಅಮ್ಮಾ, ಅದನ್ ಮುಟ್ಟುಕಾಗ!"

ಸೀತು ಕೂಗಿದ್ದೇ ತಡ, ಮೇಜಿನಡಿಗೆ ಚಾಚಿದ್ದ ಪದ್ಮಾಕ್ಷಿಯ ಕೈ ಅಲ್ಲೇ ನಿಂತಿತು. ಎದ್ದು ತಿರುಗೋಣವೆಂದರೆ ಮೊಣಕಾಲು ಒಪ್ಪಬೇಕಲ್ಲ. ಮಂಡಿಯೂರಿದಲ್ಲಿಂದಲೇ, ಮೊಬೈಲಿನ ಟಾರ್ಚ್ ಹಿಡಿದುಕೊಂಡು, ಕತ್ತು ಮಾತ್ರ ಹೊರಳಿಸಿದಳು.

"ಎಂತಕೆ? ಶಾಕ್ ಹೊಡಿತ್ತಾ?"

"ಶಾಕ್ ಅಲ್ದ್. ಅದ್ ಪೂಜೆ ಆದ್ದ್. ಆಯುಧ ಪೂಜೆ ದಿನ ನಾನೇ ಗಂಧ ಇಟ್ಟದ್. ಪ್ಲಗ್ಗಿಗೂ ಬೋರ್ಡಿಗೂ ಸೇರ್ಸಿ ಇಟ್ಟಿದ್ದೆ, ಕಾಣಿ. ಕರೆಂಟ್ ಒಳಗ್ ಹೋಪ ಬಾಗ್ಲ್ ಅಲ್ದಾ ಅದ್?"

ಕಪ್ಪು ಪ್ಲಗ್ಗು, ಬಿಳಿಯ ಸ್ವಿಚ್ ಬೋರ್ಡು. ಎರಡರ ಸಂದಿಯ ಮೇಲೆ ಅಡ್ಡಲಾಗಿ ಹೆಬ್ಬೆರಳಿನಗಲದ ಗಂಧದ ಪಟ್ಟೆ, ನಡುವೆ ಕುಂಕುಮದ ಬೊಟ್ಟು. ಏಸಿಯ ತಂಪಿಗೆ ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ಒಂದು ಬಿರುಕೂ ಇರಲಿಲ್ಲ. ಅಲ್ಲಿಂದ ಹೊರಟ ತಂತಿ ಮೇಜಿನ ಮೇಲಿದ್ದ ಚಪ್ಪಟೆ ಪೆಟ್ಟಿಗೆಗೆ ಹೋಗಿತ್ತು. ಪೆಟ್ಟಿಗೆಗೆ ಸುತ್ತಿದ ಚೆಂಡುಹೂವಿನ ಸರ ಒಣಗಿ ಕಂದಾಗಿತ್ತು. ಅದರ ಎಡೆಯಲ್ಲಿ ಹಸಿರು ದೀಪಗಳು ಪಿಳಿಪಿಳಿ ಎನ್ನುತ್ತಿದ್ದವು.

"ಇದೇಯಾ ಫೈರ್‌ವಾಲ್ ಅಂದ್ರೆ?"

"ಇಂಗ್ಲಿಷ್ ಹೆಸ್ರ್ ನಂಗೊತ್ತಿಲ್ಲೆ. ಬಾಗ್ಲ್ ಪೆಟ್ಗೆ ಅಂತ ಕಂಪ್ಯೂಟರ್ ರಿಪೇರಿಯ ರಜತ್ ಹೇಳುದ್. ಹೊರಗಿಂದ ಬಪ್ಪರೆಲ್ಲ ಇದ್ರೊಳಗಿಂದ್ಲೇ ಬರ್ಕ್ ಅಂಬ್ರ್."

"ಪೂಜೆ ಆದ್ಮೇಲೆ ಇದನ್ ಯಾರಾರೂ ಬಿಚ್ಚಿದ್ರಾ? ಎಲ್ಲಿಗಾರೂ ತಕಂಡ್ ಹೋದ್ರಾ?"

"ಬಿಚ್ಚುದಾ? ನಾ ಬಿಟ್ರಲ್ದಾ!" ಮೂವತ್ತು ವರ್ಷದಿಂದ ಕಂಪ್ರೆಸರ್ ನೋಡಿಕೊಂಡು ಬಂದ ಸೀತು ಎದೆ ಸೆಟೆಸಿದ. "ಆ ದಿನ ಒಂಬತ್ ಗಂಟಿಗೆ ಮೇನ್ ತೆಗ್ದೆ, ಯುಪಿಎಸ್ಸೂ ತೆಗ್ದೆ. ಎಲ್ಲ ಮಿಷನ್ ಒರ್ಸಿ, ಹೂ ಹಾಕಿ, ಹತ್ ಗಂಟಿಗೆ ಹಾಕ್ದೆ. ಅಲ್ಲಿಂದ ಇಲ್ಲಿವರಿಗೆ ಊರಿನ ಕರೆಂಟ್ ಹೋಯ್ತೇ ಹೊರ್ತು ಇದ್ ಆರ್ಲಿಲ್ಲೆ."

ಪದ್ಮಾಕ್ಷಿ ಪಕ್ಕದಲ್ಲಿ ಅಂದಿನ ಪತ್ರಿಕೆಯನ್ನಿಟ್ಟು ಗಂಧದ ಪಟ್ಟೆಯ ನಾಲ್ಕು ಫೋಟೋ ತೆಗೆದಳು. ಆಮೇಲೆ ಮೇಜಿನ ಕಾಲು ಹಿಡಿದು, ಉಸ್ಸೆಂದು ಎದ್ದಳು.

ಹಿಂದಿನ ವಾರದ ಶನಿವಾರ ಯಾರೋ ಹೊರಗಿನಿಂದಲೇ ನಾವುಂದದ ಈ ಮೀನುಗಾರರ ಸಂಘದ ಕಂಪ್ಯೂಟರಿನೊಳಗೆ ಹೊಕ್ಕು, ಶೈತ್ಯಾಗಾರದ ಚಳಿ ಕಡಿಮೆ ಮಾಡಿ, ಎಚ್ಚರಿಕೆಯ ಗಂಟೆಯ ಬಾಯಿಯನ್ನೂ ಕಟ್ಟಿದ್ದರು. ಭಾನುವಾರ ರಜೆ, ಸೋಮವಾರ ಬಾಗಿಲು ತೆಗೆದರೆ ಹನ್ನೊಂದು ಟನ್ ಬಂಗುಡೆ ನಾರುತ್ತಿತ್ತು. ಹೊಕ್ಕವರ ಹೆಸರೇನೆಂದು ಕಂಪ್ಯೂಟರನ್ನು ಕೇಳಿದರೆ ಅದು ಕೊಟ್ಟದ್ದು ಒಂದೇ ಹೆಸರು: ಸಂಘದ ಗುಮಾಸ್ತೆ ವಿನಯಾ.

ಸಂಘದ ಆಡಳಿತ ಮಂಡಳಿ ಈ ಸಂಜೆ ನಾಲ್ಕಕ್ಕೆ ಸೇರುವುದಿತ್ತು. ಫಿರ್ಯಾದು ಟೈಪಾಗಿ ಕೂತಿತ್ತು. ಅಧ್ಯಕ್ಷರ ರುಜು ಬಿದ್ದರೆ ರಾತ್ರಿಯೊಳಗೆ ವಿನಯಾ ಠಾಣೆಯಲ್ಲಿ.

"ನಾಲ್ಕರೊಳಗೆ ಬೇರೆ ಹೆಸರು ತಂದರೆ ಸರಿ ಪದ್ಮಾಕ್ಷಿ, ಇಲ್ಲಾಂದ್ರೆ ಅದೇ ಹೆಸರು," ಎಂದಿದ್ದರು ಇನ್‌ಸ್ಪೆಕ್ಟರು. ಏಳು ವರ್ಷದ ಹಿಂದೆ ಮೂರು ದಿನದ ಸೈಬರ್ ತರಬೇತಿಗೆ ಹೋಗಿ ಬಂದ ತಪ್ಪಿಗೆ, ಠಾಣೆಗೆ ಬರುವ ಕಂಪ್ಯೂಟರಿನ ರಗಳೆಗಳೆಲ್ಲ ಹೆಡ್ ಕಾನ್‌ಸ್ಟೇಬಲ್ ಪದ್ಮಾಕ್ಷಿಯ ತಲೆಗೇ. ಆ ಮೂರು ದಿನವೂ ಅವಳು ಹಿಂದಿನ ಬೆಂಚಿನಲ್ಲಿ ತೂಕಡಿಸಿದ್ದು ಯಾರಿಗೂ ಗೊತ್ತಿರಲಿಲ್ಲ.

ವಿನಯಾ ಆಚೆ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಮೂವತ್ತೆರಡರ ಹೆಂಗಸು, ಎಂಟು ದಿನದಲ್ಲಿ ನಲವತ್ತರ ಹಾಗಾಗಿದ್ದಳು. ಕೆಲಸದಿಂದ ನಿಲ್ಲಿಸಿದ್ದರೂ ದಿನಾ ಹೆಮ್ಮಾಡಿಯಿಂದ ಬಸ್ಸು ಹತ್ತಿ ಬಂದು ಕೂರುತ್ತಿದ್ದಳಂತೆ, ಓಡಿಹೋದಳು ಎನ್ನಿಸಿಕೊಳ್ಳಬಾರದೆಂದು. ಪಕ್ಕದಲ್ಲಿ ಬಟ್ಟೆಯ ಚೀಲ, ಅದರಲ್ಲಿ ಎರಡು ಬುತ್ತಿ ಡಬ್ಬಿ: ಒಂದು ಸಣ್ಣದು, ಒಂದು ದೊಡ್ಡದು.

ಅವಳ ತಲೆಯ ಮೇಲೆ, ದೇವರ ಪಟದ ಮೊಳೆಗೆ, ದಾರ ಕಟ್ಟಿದ ಒಂದು ಹಳೆಯ ಕೀಪ್ಯಾಡ್ ಫೋನು ತೂಗುತ್ತಿತ್ತು.

"ಇದೆಂತದ್ ಹೆಣೇ? ದೇವ್ರಿಗೂ ಫೋನಾ?"

ವಿನಯಾ ನಗಲಿಲ್ಲ. "ಓಟಿಪಿ ಫೋನ್ ಅಕ್ಕ. ಹೊರಗಿಂದ ಒಳಗ್ ಬರ್ಕಾರೆ ನಂಬರ್ ಬತ್ತಲ್ದಾ, ಅದ್ ಎಲ್ರಿಗೂ ಇದಕ್ಕೇ ಬಪ್ದ್."

"ಅವ್ರವ್ರ ಫೋನಿಗೆ ಎಂತಕಿಲ್ಲೆ?"

"ನಮ್ಮವ್ರ್ ಅರ್ಧ ಜನ ಕಡ್ಲಲ್ಲಿ ಇಪ್ಪರ್. ಅಲ್ಲಿ ಸಿಗ್ನಲ್ ಎಲ್ಲಿತ್ತ್? ಅದ್ಕೇ ಎಲ್ರಿಗೂ ಸೇರಿ ಒಂದೇ ಅಂತ ಮೀಟಿಂಗಲ್ಲಿ ಆಯ್ತ್. ನಾನ್ ಮನೆಂದ ಚಳಿ ಎಷ್ಟಿತ್ತ್ ಅಂತ ಕಾಂಬುಕ್ ಹೊರಟ್ರೆ ಪ್ರತಿ ಸಲ ವಾಚ್‌ಮನ್ನಿಗೆ ಫೋನ್ ಮಾಡಿ ನಂಬರ್ ಕೇಳ್ಕ್. ಅವ್ರಿಗೆ ಒಂದ್ ಏಳಾಯಿ ಕಾಣ್ತ್, ಆರ್ ಸೊನ್ನೆಯಾಯಿ ಕಾಣ್ತ್. ಸಾಕಾಯಿ ರಜತಣ್ಣನ ಹತ್ರ ಹೇಳ್ದೆ, ಒಂದ್ ಸಲ ಒಳಗ್ ಹೋದ್ರೆ ಮತ್ತ್ ಮತ್ತ್ ಕೇಳ್ದ ಹಾಂಗೆ ಮಾಡಿ ಕೊಡಿ ಅಂತ."

"ಮಾಡಿ ಕೊಟ್ಟನಾ?"

"ಕೊಟ್ರ್. ನವೆಂಬರಲ್ಲಿ. ಅದ್ರ ಮೇಲೆ ಅದ್ ಕೇಳ್ಳೇ ಇಲ್ಲೆ."

ಪದ್ಮಾಕ್ಷಿ ಅದನ್ನು ಬರೆದುಕೊಂಡಳು. ಏನೆಂದು ಸರಿಯಾಗಿ ತಿಳಿಯದಿದ್ದರೂ, ಬರೆದುಕೊಂಡಳು.

"ಶನಿವಾರ ಸಂಜೆ ನೀನೆಲ್ಲಿದ್ದೆ?"

"ಮನೇಲಿ."

"ಜೊತೆಗೆ?"

"ಮಕ್ಕಳ್." ಕಣ್ಣು ಚೀಲದ ಕಡೆ ಹೋಗಿ ಬಂತು. "ಗಂಡ ಬೋಟಿಗೆ ಹೋಯಿ ಹನ್ನೆರಡ್ ದಿನ ಆಯ್ತ್. ಇನ್ನೂ ಬರ್ಲಿಲ್ಲೆ."

ಅಷ್ಟರಲ್ಲಿ ಕೋಲು ಕುಟ್ಟುವ ಸದ್ದು. ಅಧ್ಯಕ್ಷ ಅಣ್ಣಯ್ಯ ಬಾಗಿಲಲ್ಲಿ ನಿಂತಿದ್ದರು. ಅರವತ್ತೈದು ದಾಟಿದ, ಒಂದು ಕಾಲಕ್ಕೆ ಎರಡು ಬೋಟಿನ ಒಡೆಯರಾಗಿದ್ದ ಗಟ್ಟಿ ಆಳು. ಡಿಸೆಂಬರಿನಲ್ಲಿ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಮೈ ಕುಗ್ಗಿತ್ತು. ವಿನಯಾಳ ಮುಖ ನೋಡದೆ ಪದ್ಮಾಕ್ಷಿಯನ್ನು ಹೊರಗೆ ಕರೆದರು.

"ಮೇಡಂ, ನಂಗೇನ್ ಖುಷಿಯಾ? ಬುಟ್ಟಿ ಹೊರು ಹೆಂಗ್ಸ್ರೆಲ್ಲ ಬಂದ್ ಗೇಟಲ್ಲಿ ಕೂಗ್ತ್ರ್. ಯಾರ್ ಮಾಡದ್ ಹೇಳಿ ಅಂತ್ರ್. ಹೆಸ್ರ್ ಕಂಪ್ಯೂಟರೇ ಕೊಟ್ಟಿತ್. ಹೊರಗಿನವ್ರ್ ಅಲ್ಲ ಅಂತ ರಜತನೂ ಬರ್ದ್ ಕೊಟ್ಟಿದ. ಅವ ಒಳ್ಳೆ ಜನ. ಕಾಲ್ ಆಪರೇಷನ್ ಆದಾಗ ನಮ್ಮನೇಲೇ ಕಂಪ್ಯೂಟರ್ ಇಟ್ಟ್, ಮಲಗಿದಲ್ಲಿಂದ್ಲೇ ಎಲ್ಲ ಕಾಂಬ ಹಾಂಗೆ ಮಾಡಿ ಕೊಟ್ಟಿದ."

ಅವರು ಹೋದ ಮೇಲೆ ಸೀತು ಬಾಯಿಯೊಳಗಿನ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿ ಗೊಣಗಿದ. "ಒಂದೂವರೆ ತಿಂಗ್ಳ್ ವಿನಯಾ ತಂದ ಗಂಜಿ ಉಂಡ ಕೈ ಅದ್. ಅದೇ ಕೈಯಲ್ಲಿ ರುಜು ಹಾಕ್ತ್ರ್, ಕಾಣಿ."

ಅಧ್ಯಕ್ಷರಿಗಾಗಿಯೇ ಎರಡನೆಯ ಡಬ್ಬಿ, ಎಂದುಕೊಂಡಳು ಪದ್ಮಾಕ್ಷಿ. ಪಾಪದ ಹೆಣ್ಣು, ಇನ್ನೂ ಕೊಡುವುದು ಬಿಟ್ಟಿಲ್ಲ.

ಬಸ್ಸು ಹಿಡಿದಾಗ ಹನ್ನೆರಡೂವರೆ. ಠಾಣೆಯ ಜೀಪು ಯಾರದೋ ಬಂದೋಬಸ್ತಿಗೆ ಹೋಗಿತ್ತು. ಕಿಟಕಿಯ ಸೀಟು ಸಿಕ್ಕಿದ್ದೇ ಆ ದಿನದ ಭಾಗ್ಯ. ಫೆಬ್ರವರಿಗೇ ಬಿಸಿಲು ಸುಡುತ್ತಿತ್ತು. ಹೆಮ್ಮಾಡಿ ದಾಟುವಾಗ ಒಂದು ಸಲ ಕಣ್ಣು ಹತ್ತಿತು. ಕುಂದಾಪುರದಲ್ಲಿ ಕಂಡಕ್ಟರನ ಕೂಗಿಗೆ ಎಚ್ಚರವಾದಾಗ ಶಾಲೆಯ ಗೇಟು ಕಾಣಿಸಿತು. ಮೂರಕ್ಕೆ ಹೆತ್ತವರ ಸಭೆ. ಮಗಳು ಶ್ರಾವ್ಯ ಬೆಳಿಗ್ಗೆ ಏನೂ ಹೇಳಿರಲಿಲ್ಲ, ಚೀಟಿಯನ್ನು ನೀರಿನ ಬಾಟಲಿಯಡಿ ಇಟ್ಟು ಹೋಗಿದ್ದಳು ಅಷ್ಟೆ. ಸಭೆ ತಪ್ಪುವುದು ಇದು ಮೂರನೆಯ ಸಲ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಪದ್ಮಾಕ್ಷಿ ಶಾಲೆಯ ಗೇಟು ಮರೆಯಾಗುವವರೆಗೂ ನೋಡಿ, ರಜತನ ಕಾಗದವನ್ನು ಮತ್ತೊಮ್ಮೆ ಬಿಡಿಸಿದಳು.

ಬ್ರಹ್ಮಾವರದಲ್ಲಿ ರಜತನ ಅಂಗಡಿ ಎರಡನೆಯ ಮಾಳಿಗೆಯಲ್ಲಿತ್ತು. ನಲವತ್ತೆರಡು ಮೆಟ್ಟಿಲು. ಎಣಿಸಿದ್ದು ಅವಳಲ್ಲ, ಮೊಣಕಾಲು.

ಅಂಗಡಿಯೆಂದರೆ ಒಂದು ಕೋಣೆ. ಗೋಡೆಯುದ್ದಕ್ಕೂ ಬಿಚ್ಚಿದ ಪ್ರಿಂಟರುಗಳು, ಸುರುಳಿ ಸುತ್ತಿದ ತಂತಿಗಳು. ಮಧ್ಯದಲ್ಲಿ ರಜತ್: ಮೂವತ್ತೈದರೊಳಗಿನ ಪ್ರಾಯ, ಕಣ್ಣಿನಡಿ ಮಸಿ ಬಳಿದಂತೆ ಕಪ್ಪು, ಮುಂದೆ ಕೆನೆಗಟ್ಟಿದ ಚಹಾ.

"ಎಲ್ಲ ಬರೆದು ಕೊಟ್ಟಿದೆ ಅಲ್ದಾ ಮೇಡಂ? ಮತ್ತೆಂತಕೆ ಇಷ್ಟ್ ದೂರ?"

"ಬರೆದದ್ದು ನಂಗೆ ಅರ್ಥ ಆಗ್ಲಿಲ್ಲೆ ಮಾರಾಯಾ. ನೀನ್ ಬಾಯಲ್ಲಿ ಹೇಳ್." ಅವಳು ಕೇಳದೆಯೇ ಕುರ್ಚಿ ಎಳೆದು ಕೂತಳು. "ಈ ಬಾಗ್ಲ್ ಪೆಟ್ಗೆಗೆ ಎಂತ ಕಾಯಿಲೆ ಇದ್ದಿತ್?"

ಹೇಳುವುದು ಅವನಿಗೂ ಬೇಕಿತ್ತೇನೋ. ದಣಿದವನಿಗೆ ಗೊತ್ತಿದ್ದ ವಿಷಯದ ಮಾತು ಒಂದು ಒರಗು ದಿಂಬು.

"ಟೆಂಟಿನ ಯಕ್ಷಗಾನ ಆಟಕ್ಕ್ ಹೋಯಿದ್ರಾ ಮೇಡಂ? ಟಿಕೆಟ್ ತೋರ್ಸಿ ಒಳಗ್ ಹೋತ್ರಿ. ನಡೂಗೆ ಚಾ ಕುಡೂಕ್ ಹೊರಗ್ ಬಪ್ಪತ್ತಿಗೆ ಗೇಟಲ್ಲಿ ಒಂದ್ ಚೀಟಿ ಕೊಡ್ತ್ರ್. ಮತ್ತೆ ಬಂದಾಗ ಚೀಟಿ ತೋರ್ಸಿದ್ರೆ ಸಾಕ್, ಟಿಕೆಟ್ ಕೇಳುದಿಲ್ಲೆ. ಈ ಪೆಟ್ಗೆಯೂ ಹಾಂಗೇ. ಒಂದ್ ಸಲ ಪಾಸ್‌ವರ್ಡ್, ಓಟಿಪಿ ಎಲ್ಲ ಕೊಟ್ಟ್ ಒಳಗ್ ಬಂದವ್ರಿಗೆ ಒಂದ್ ಚೀಟಿ ಕೊಡ್ತ್. ಆಮೇಲೆ ಚೀಟಿ ಕಂಡ್ ಬಿಡ್ತ್."

"ಕಾಯಿಲೆ?"

"ಹೊರಗ್ ನಿಂತವ ಒಂದ್ ನಮೂನಿ ತಲೆಹರಟೆ ಪ್ರಶ್ನೆ ಕೇಳಿದ್ರೆ ಪೆಟ್ಗೆಗೆ ಗಲಿಬಿಲಿ ಆಯಿ, ಜೇಬಲ್ಲಿಪ್ಪ ಬೇರೆಯವ್ರ ಚೀಟಿಯನ್ನೇ ಉದ್ರ್ಸ್ತ್. ಅದನ್ ಹೆಕ್ಕಿಕೊಂಡವ ಸೀದಾ ಒಳಗೆ."

"ಪಾಸ್‌ವರ್ಡ್ ಬ್ಯಾಡ?"

"ಬ್ಯಾಡ."

"ದೇವ್ರ ಪಟದ ಫೋನೂ ಬ್ಯಾಡ?"

ರಜತ್ ಮೊದಲ ಸಲ ಹುಳ್ಳಗೆ ನಕ್ಕ. "ಬ್ಯಾಡ. ನವೆಂಬರಲ್ಲೇ ಕಂಪನಿಯವ್ರ್ ಮದ್ದ್ ಕಳ್ಸಿದ್ರ್. ಅದನ್ ಹಾಕಿ, ಪೆಟ್ಗೆ ಒಂದ್ ಸಲ ಆರ್ಸಿ ಹಾಕಿ, ಕೊಟ್ಟ ಚೀಟಿಯೆಲ್ಲ ರದ್ದು ಮಾಡಿದ್ರೆ ಮುಗೀತ್."

"ನೀನ್ ಹಾಕಿದೆ."

"ಹಾಕಿದೆ. ಡಿಸೆಂಬರ್ ಹನ್ನೆರಡಕ್ಕೆ. ಬರೆದಿದೆ ಅಲ್ದಾ?"

ಪದ್ಮಾಕ್ಷಿ ಕಾಗದವನ್ನು ಕಣ್ಣಿನಿಂದ ದೂರ ಹಿಡಿದು ಗಟ್ಟಿಯಾಗಿ ಓದಿದಳು. "'ಪೆಟ್ಟಿಗೆಯನ್ನು ಬಿಚ್ಚಿ ಅಂಗಡಿಗೆ ತಂದು, ತಿದ್ದುಪಡಿ ಅಳವಡಿಸಿ, ಮರಳಿ ಕೂರಿಸಲಾಗಿದೆ. ಆದ್ದರಿಂದ ಹೊರಗಿನವರು ಈ ದಾರಿಯಲ್ಲಿ ಬರಲು ಸಾಧ್ಯವಿಲ್ಲ.' ಹೊರಗಿನವ್ರ್ ಬಪ್ಪುಕೆ ಆತಿಲ್ಲೆ ಅಂದ್ರೆ ಒಳಗಿನವ್ರೇ ಮಾಡದ್. ಒಳಗಿನವ್ರ್ ಅಂದ್ರೆ ವಿನಯಾ. ನಿನ್ನ ಈ ಒಂದ್ ವಾಕ್ಯದ ಮೇಲೆ ಆ ಹೆಣ್ಣಿನ ಹೆಸ್ರ್ ನಿಂತಿತ್, ಗೊತ್ತಿತ್ತಾ ನಿಂಗೆ?"

"ನಾನ್ ಅವ್ರ ಹೆಸ್ರ್ ಬರೀಲಿಲ್ಲೆ ಮೇಡಂ."

"ಬರೀದೇ ಬರೆದಿದೆ."

ಅವಳು ಮೊಬೈಲನ್ನು ಮೇಜಿನ ಮೇಲೆ ಸರಿಸಿದಳು. ರಜತ್ ಫೋಟೋ ನೋಡಿದ. ಪ್ಲಗ್ಗು, ಬೋರ್ಡು, ಗಂಧದ ಪಟ್ಟೆ. ಅವನಿಗೆ ಅರ್ಥವಾಗಲಿಲ್ಲ.

"ಎಂತ ಇದ್?"

"ಸೀತು ಆಯುಧ ಪೂಜೆಗೆ ಇಟ್ಟ ಗಂಧ. ಅಕ್ಟೋಬರಿಂದ್. ಪ್ಲಗ್ ಎಳೆದಿದ್ರೆ ಒಡೀಕಿತ್ತಲ್ದಾ? ಡಿಸೆಂಬರಲ್ಲಿ ನೀನ್ ಪೆಟ್ಗೆ ಹೊತ್ಕೊಂಡ್ ನಲವತ್ತೈದು ಕಿಲೋಮೀಟರ್ ಬಂದದ್ ಹ್ಯಾಂಗೆ? ಪ್ಲಗ್ ಅಲ್ಲೇ ಬಿಟ್ಟ್, ವಯರ್ ಉದ್ದ ಮಾಡ್ಕೊಂಡ್ ಬಂದ್ಯಾ?"

ಕೆಳಗೆ ಹೆದ್ದಾರಿಯಲ್ಲಿ ಬಸ್ಸೊಂದು ಉದ್ದಕ್ಕೆ ಹಾರನ್ ಹೊಡೆದು ಹೋಯಿತು. ರಜತ್ ಮೊಬೈಲನ್ನು ಅವಳ ಕಡೆಗೇ ಸರಿಸಿದ.

"ತಂದದ್ ಅಂತ ಸುಮ್ನೆ ಬರೆದದ್ ಮೇಡಂ. ಇಲ್ಲಿಂದ್ಲೇ ಹಾಕಿದ್. ಪ್ಲಗ್ ತೆಗೂದ್ ಬ್ಯಾಡ, ಇಲ್ಲಿಂದ್ಲೇ ಆರ್ಸಿ ಹಾಕುಕ್ ಆತ್."

"ಹಾಂಗಾ? ಎದ್ದ್ ಎಷ್ಟ್ ದಿನ ಆಯ್ತ್ ಅಂತ ಆ ಪೆಟ್ಗೆ ಹತ್ರ ಕೇಳುಕಾತಿಲ್ಯಾ? ತರಬೇತಿಲಿ ಅದೊಂದ್ ಹೇಳಿಕೊಟ್ಟ ನೆನಪು ನಂಗೆ."

ಅವನು ಚಹಾದ ಲೋಟವನ್ನು ಬದಿಗಿಟ್ಟ.

"ಕೇಳ್ ಮಾರಾಯಾ. ನಂಗೆ ನಾಲ್ಕ್ ಗಂಟಿಯೊಳಗೆ ಬೇಕ್."

ರಜತ್ ಲ್ಯಾಪ್‌ಟಾಪ್ ಎಳೆದುಕೊಂಡ. ಏನೇನೋ ಒತ್ತಿದ. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರಗಳು ಸಾಲಾಗಿ ಇಳಿದವು. ಅವನು ಓದಿ ಹೇಳಲಿಲ್ಲ. ಲ್ಯಾಪ್‌ಟಾಪನ್ನೇ ಅವಳ ಕಡೆ ತಿರುಗಿಸಿದ. ನೂರ ಮೂವತ್ತೊಂದು ದಿನ, ಐದು ಗಂಟೆ, ಕೆಲವು ನಿಮಿಷ.

ಪದ್ಮಾಕ್ಷಿ ಗೋಡೆಯ ಕ್ಯಾಲೆಂಡರನ್ನೂ ಅದರಡಿ ತೂಗುತ್ತಿದ್ದ ಹೋದ ವರ್ಷದ್ದನ್ನೂ ಮಗುಚಿ, ಬೆರಳಿನ ಗೆಣ್ಣಿನ ಮೇಲೆ ಎಣಿಸುತ್ತ ಹಿಂದೆ ಹೋದಳು. ಆಯುಧ ಪೂಜೆಯ ಬೆಳಿಗ್ಗೆ ಹತ್ತಕ್ಕೆ ಬಂದು ನಿಂತಿತು. ಸೀತು ಮೇನ್ ಹಾಕಿದ ಹೊತ್ತು. ಅಂದು ಎದ್ದ ಪೆಟ್ಟಿಗೆ ಇಂದಿನವರೆಗೂ ಕಣ್ಣು ಮುಚ್ಚಿರಲಿಲ್ಲ.

"ಮದ್ದು ಹಾಕ್ಲಿಲ್ಲೆ," ಎಂದಳು.

"ಹಾಕ್ಲಿಲ್ಲೆ." ಅವನು ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡ. "ಹತ್ತ್ ನಿಮಿಷ ಆರ್ಸುಕ್ ಬಿಡಿ ಅಂತ ಅಧ್ಯಕ್ಷರತ್ರ ಕೇಳ್ದೆ. ಸೀಸನ್ ಮುಗೀಲಿ, ಮೀನ್ ತುಂಬಿತ್ ಅಂದ್ರ್. ಮತ್ತೆ ಅವ್ರ್ ಆಸ್ಪತ್ರೆ ಸೇರಿದ್ರ್. ಮತ್ತೆ ನಾನ್ ಮರ್ತೆ. ಮೀನೆಲ್ಲ ಹಾಳಾಯ್ತ್ ಅಂತ ಫೋನ್ ಬಂದಾಗ ಹೆದ್ರಿ, ಬರ್ದ್ ಕೊಟ್ಟೆ. ಹದಿನಾರ್ ಕಡೆ ಇಂಥದ್ದೇ ಪೆಟ್ಗೆ ಮೇಡಂ, ನೋಡ್ಕಂಬುದ್ ನಾನೊಬ್ನೇ. ಕ್ಲಿನಿಕ್, ಸೊಸೈಟಿ, ಶಾಲೆ."

"ಹದಿನಾರಕ್ಕೂ ಇದೇ ವಾಕ್ಯ ಬರ್ದ್ ಕೊಟ್ಟಿದ್ಯಾ?"

ಅವನು ಹೌದೆಂದು ತಲೆಯಾಡಿಸಿದ. ಬೈಯಬೇಕೆಂದು ಬಾಯಿ ತೆರೆದ ಪದ್ಮಾಕ್ಷಿಗೆ ಬೈಗುಳ ಸಿಗಲಿಲ್ಲ. ತನ್ನ ಮೇಜಿನ ಡ್ರಾಯರಿನಲ್ಲಿ 'ಸ್ಥಳ ಪರಿಶೀಲಿಸಲಾಗಿದೆ' ಎಂದು ಕೂತಲ್ಲೇ ಬರೆದ ಎಷ್ಟು ಕಾಗದಗಳಿವೆಯೋ, ಯಾರು ಬಲ್ಲರು.

"ಮೀನ್ ಹಾಳಾದ ದಿನ ಎಂತ ಮಾಡ್ದೆ?"

"ವಿನಯಕ್ಕನ ಪಾಸ್‌ವರ್ಡ್ ಬದಲಾಯ್ಸಿದೆ. ಅವತ್ತೇ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದುಕೊಂಡವಳಿಗೆ, ಗಾದೆಯ ಅರ್ಧದಲ್ಲೇ ಬೇರೊಂದು ಹೊಳೆಯಿತು. "ಟೆಂಟಿನ ಬಾಗ್ಲಲ್ಲಿ ಟಿಕೆಟಿನ ಬಣ್ಣ ಬದಲಾಯ್ಸಿದ್ರೆ, ಚೀಟಿ ಹಿಡ್ಕೊಂಡ್ ಒಳಗ್ ಕೂತವ ಎದ್ದ್ ಹೋತ್ನಾ?"

ರಜತನ ಬೆರಳುಗಳು ಕೀಲಿಗಳ ಮೇಲೆ ಓಡಿದವು.

ಪರದೆಯ ಮೇಲೆ ಈ ಗಳಿಗೆಯಲ್ಲಿ ಒಳಗಿರುವವರ ಪಟ್ಟಿ ಬಂತು. ಪಟ್ಟಿಯೆಂದರೆ ಎರಡೇ ಸಾಲು. ಒಂದು, ರಜತನದೇ. ಇನ್ನೊಂದು, ವಿನಯಾ.

"ಇದ್ ಹಳೇ ಚೀಟಿ," ಎಂದ ಅವನು, ಪಿಸುಮಾತಿನಲ್ಲಿ. "ನವೆಂಬರಿನದ್ದೇ. ನಾನೇ ಅವಧಿ ತೆಗ್ದಿದ್ದೆ. ಸುಮ್ನೆ ಬಿದ್ಕೊಂಡದ್ದಲ್ಲ ಮೇಡಂ. ಈಗ್ಳ್ ಓಡಾಡ್ತಾ ಇತ್ತ್."

ಅವನ ಬೆರಳು ಒಂದು ಕೀಲಿಯ ಕಡೆ ಹೋಯಿತು. ಪದ್ಮಾಕ್ಷಿ ಮಣಿಕಟ್ಟು ಹಿಡಿದಳು.

"ಎಂತ ಮಾಡ್ತೆ?"

"ಹೊರಗ್ ಹಾಕ್ತೆ."

"ಹಾಕಿದ್ರೆ ಈ ಸಾಲ್ ಉಳಿತ್ತಾ?"

"ಇಲ್ಲೆ. ಈ ಪೆಟ್ಗೆಗೆ ನೆನಪು ಕಮ್ಮಿ. ಹಳೇದ್ದೆಲ್ಲ ಅಳಿಸಿಕೊಂಡ್ ಹೋತ್."

"ಹಾಂಗಾರೆ ತಡಿ. ಮೊದ್ಲ್ ಇದನ್ ಉಳ್ಸ್. ಅವ ಶೈತ್ಯಾಗಾರದ ಚಳಿಗೆ ಕೈ ಹಾಕಿದ ಕೂಡ್ಲೇ ಕಡಿ, ಅಲ್ಲಿವರಿಗೆ ಬ್ಯಾಡ."

ಅವನು ಪ್ರತಿ ಮಾಡಿಟ್ಟ. ಅವಳು ಪರದೆಯ ಫೋಟೋ ತೆಗೆದಳು, ಗೋಡೆಯ ಗಡಿಯಾರ ಸೇರುವ ಹಾಗೆ. ಮೂರೂ ಐವತ್ತೆರಡು. ಆಮೇಲೆ ಅಣ್ಣಯ್ಯನವರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಹ್ವಾಯ್, ಮೇಡಂ! ಎಲ್ರೂ ಬಂದ್ ಕೂತ್ರ್. ಪೆನ್ ಕೈಯಲ್ಲೇ ಇತ್ತ್."

"ಕೆಳಗಿಡಿ ಅದನ್. ವಿನಯಾ ಎಲ್ಲಿದ್ಲ್?"

"ನನ್ನೆದ್ರೇ ಕೂತಿದ್ಲ್."

"ಕೈಯಲ್ಲಿ ಎಂತಿತ್ತ್?"

"ಎಂತಿಲ್ಲೆ. ಸೆರಗ್. ಅವ್ಳ ಫೋನ್ ನಿಮ್ಮ ಠಾಣೇಲೇ ಇತ್ತಲ್ದಾ?"

"ಎಷ್ಟ್ ಜನ ಕಾಣ್ತಿದ್ರ್ ಅವ್ಳನ್ನ?"

"ಒಂಬತ್ತ್ ಜನ. ಎಂತಕೆ?"

"ಒಂಬತ್ತೂ ಜನ ನೆನ್ಪಿಟ್ಟುಕಣಿ. ಈಗ್ಳ್, ಈ ನಿಮಿಷ, ವಿನಯಾನ ಹೆಸ್ರಲ್ಲಿ ಬೇರೆ ಯಾರೋ ನಿಮ್ಮ ಕಂಪ್ಯೂಟರಲ್ಲಿ ಓಡಾಡ್ತಾ ಇದ್ರ್. ನನ್ನ ಕಣ್ಣೆದ್ರೇ. ಅವತ್ತ್ ಮಾಡದ್ದೂ ಅವ್ರೇ ಇಪ್ಪುಕೂ ಸಾಕ್. ಆ ಹೆಣ್ಣಿನ ಹೆಸ್ರ್ ಹೊಡ್ದ್ ಹಾಕಿ."

ಆ ಕಡೆ ಗುಜುಗುಜು ಎದ್ದಿತು. ಯಾರೋ ಹೆಂಗಸು ಜೋರಾಗಿ ದೇವರ ಹೆಸರು ತೆಗೆದಳು. ಪದ್ಮಾಕ್ಷಿ ಬೆನ್ನು ಕುರ್ಚಿಗೆ ಕೊಟ್ಟಳು. ಬೆಳಿಗ್ಗೆ ಆರಕ್ಕೆ ಕಟ್ಟಿದ ಬುತ್ತಿ ಚೀಲದಲ್ಲೇ ಹಳಸುತ್ತಿರುವುದು ಆಗ ನೆನಪಾಯಿತು. ಮುಚ್ಚಳ ತೆಗೆದು, ಅವಲಕ್ಕಿಯ ಒಂದು ತುತ್ತು ಬಾಯಿಗಿಟ್ಟಳು.

ರಜತ್ ಇನ್ನೂ ಪರದೆಯನ್ನೇ ನೋಡುತ್ತಿದ್ದ.

"ಮೇಡಂ. ಇವ ಎಲ್ಲಿಂದ ಬಂದಿದ ಅಂತ ವಿಳಾಸ ಇತ್ತ್ ಇಲ್ಲಿ."

"ಎಲ್ಲಿದ್ದ್? ಚೀನಾವಾ, ರಷ್ಯಾವಾ?"

"ಅಲ್ದ್. ಹೆಮ್ಮಾಡಿ." ಅವನು ಅಂಕಿಗಳ ಸಾಲಿನ ಮೇಲೆ ಬೆರಳಿಟ್ಟ. "ಈ ನಂಬರ್ ನಂಗೆ ಬಾಯಿಪಾಠ. ಈ ಲೈನ್ ನಾನೇ ಹಾಕಿ ಕೊಟ್ಟದ್. ಅಧ್ಯಕ್ಷರ ಮನೆ."

ಪದ್ಮಾಕ್ಷಿ ಬುತ್ತಿಯ ಮುಚ್ಚಳ ಹಾಕಿದಳು. ಫೋನು ಇನ್ನೂ ತೆರೆದೇ ಇತ್ತು.

"ಅಣ್ಣಯ್ಯನವ್ರೇ, ನಿಮ್ಮನೇಲಿ ಈಗ್ಳ್ ಯಾರಿದ್ರ್?"

"ನಮ್ಮನೇಲಾ? ಯಾರಿಲ್ಲೆ. ನಾನೊಬ್ನೇ ಅಲ್ದಾ ಇಪ್ದ್? ಬೀಗ ಹಾಕಿ ಬಂದಿದೆ. ದಿನಾ ಬೆಳಿಗ್ಗೆ ಬಂದ್ರೆ ರಾತ್ರಿಯೇ ಹೋಪ್ದ್."

"ಕೀ?"

"ನನ್ನ ಕಿಸೇಲಿತ್ತ್."

"ಮತ್ತೊಂದ್ ಕೀ ಇತ್ತಾ?"

ಕೋಲು ನೆಲಕ್ಕೆ ಒಮ್ಮೆ ತಾಗಿದ ಸದ್ದು ಕೇಳಿಸಿತು.

"ಇತ್ತ್. ಗಂಜಿ ತಂದ್ ಕೊಡು ದಿನಗಳಲ್ಲಿ ಕೊಟ್ಟದ್. ವಾಪಸ್ ತಕಂಬುಕ್ ಮರ್ತೆ." ಸ್ವರ ಇಳಿಯಿತು. "ವಿನಯಾನ ಹತ್ರ ಇತ್ತ್."

ಗುಜುಗುಜು ನಿಂತೇ ಹೋಯಿತು.

"ಗಂಜಿ ತಂದ್ ಕೊಡುದ್ ಯೇಗ್ಳ್ ನಿಲ್ಲಿಸಿದ್ಲ್?"

"ನಾನ್ ಕೋಲ್ ಹಿಡ್ದ್ ನಡೂಕ್ ಸುರು ಮಾಡಿದ್ಮೇಲೆ ನಾನೇ ಬ್ಯಾಡ ಅಂದೆ. ಮೂರ್ ವಾರ ಆಯ್ತ್."

ಪದ್ಮಾಕ್ಷಿ ಕಣ್ಣು ಮುಚ್ಚಿದಳು. ಬಟ್ಟೆಯ ಚೀಲ. ಎರಡು ಡಬ್ಬಿ. ಸಣ್ಣದು ಅವಳದು. ದೊಡ್ಡದು ಅಧ್ಯಕ್ಷರದಲ್ಲ, ಬೇರೊಬ್ಬ ಗಂಡಸಿನ ಹಸಿವಿನದು. ಬೋಟಿಗೆ ಹೋಗಿ ಹನ್ನೆರಡು ದಿನವಾದರೂ ಮನೆಗೆ ಬಾರದ ಗಂಡ. ಬೆಳಿಗ್ಗೆ ಕಣ್ಣೆದುರಿಗೇ ಇದ್ದದ್ದನ್ನು ದಣಿದ ಕಣ್ಣು ಪುಣ್ಯವೆಂದು ಲೆಕ್ಕ ಹಾಕಿತ್ತು.

"ಫೋನ್ ವಿನಯಾನ ಕೈಗೆ ಕೊಡಿ," ಎಂದಳು. "ಸ್ಪೀಕರ್ ತೆಗೀರಿ."

ಫೋನು ಕೈ ಬದಲಿಸಿದ ಸದ್ದು ಕೇಳಿಸಿತು.

"ವಿನಯಾ. ಹೆಮ್ಮಾಡಿಗೆ ಜೀಪ್ ಹೋಪ್ಕೆ ಕಾಲ್ ಗಂಟೆ ಸಾಕ್. ನಿನ್ನ ಹೆಸ್ರ್ ತೊಳ್ದ್ ಹೋತ್. ಅಲ್ಲಿ ಯಾರಿದ್ರ್ ಅಂತ ನೀನೇ ಹೇಳ್."

ಪರದೆಯ ಮೇಲೆ ಎರಡನೆಯ ಸಾಲು ಇನ್ನೂ ಹಸಿರಾಗಿತ್ತು.

"ಅಕ್ಕಾ," ಎಂದಿತು ಕೊನೆಗೆ ಆ ಸ್ವರ, ಅಳುವಿಲ್ಲದೆ, ಒಣಗಿದ ಗಂಧದ ಹಾಗೆ. "ದಮ್ಮಯ್ಯ. ಅವ್ರ್ ನನ್ನ ಹೆಸ್ರೇ ಬರ್ಕಣ್ಲಿ. ಆ ಮನಿಗ್ ಮಾತ್ರ ಯಾರನ್ನೂ ಕಳ್ಸ್‌ಬ್ಯಾಡಿ."